ಯಾವ ಸಿಮ್ ಹಾಕಿಸಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲ್ ನೆಟ್‌ವರ್ಕಿನದೇ. ಕೆಲವರಿಗೆ ಸಿಗ್ನಲ್ ಇಲ್ಲ, ಕೆಲವರಿಗೆ ಸಿಗ್ನಲ್ ಇದ್ದೂ ನೆಟ್ ಓಡುವುದಿಲ್ಲ, ಇನ್ನು ಕೆಲವರಿಗೆ ಕರೆನ್ಸಿ ಹಾಕಿಸಿ ಸಾಕಾಗಿದೆ. ಎಲ್ಲರ ಕೊನೆಯ ಪ್ರಶ್ನೆ ಮಾತ್ರ ಒಂದೇ: ಯಾವ ಕಂಪನಿ ಒಳ್ಳೆಯದು? ಇಡೀ ಕರ್ನಾಟಕಕ್ಕೆ ಸಲ್ಲುವ ಒಂದು ಹೆಸರನ್ನು ಹೇಳಿಬಿಟ್ಟರೆ ಅದು ಮೋಸವಾಗುತ್ತದೆ. ಹಾಸನ ಪೇಟೆಯಲ್ಲಿ ಓಡುವ ಸಿಮ್ ಸಕಲೇಶಪುರದ ತೋಟದ ಮನೆಯಲ್ಲಿ ಉಸಿರೇ ಎತ್ತದಿರಬಹುದು. ನೀವು ದಿನದ ಬಹುಪಾಲು ಇರುವ ಜಾಗಕ್ಕೆ ಯಾರ ಟವರ್ ಹತ್ತಿರವಿದೆ, ಆ ಟವರಿನ ಮೇಲೆ ಎಷ್ಟು ಹೊರೆ ಇದೆ ಎಂಬುದೇ ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ. ಆದ್ದರಿಂದ ಪತ್ರ ಬರೆದವರ ಹೆಸರು ಬಿಟ್ಟು ಊರನ್ನು ಉಳಿಸಿಕೊಂಡಿದ್ದೇನೆ.

ನಮ್ಮ ಮನೆ ಗುಡ್ಡದ ಕೆಳಗೆ, ತೋಟದ ಮಗ್ಗುಲಿಗಿದೆ. ಮನೆಯೊಳಗೆ ಯಾವ ಫೋನಿಗೂ ಸಿಗ್ನಲ್ ನಿಲ್ಲುವುದಿಲ್ಲ. ಮೊಮ್ಮಗಳ ಮುಖ ನೋಡಿ ಮಾತಾಡಬೇಕೆಂದರೆ ಅಂಗಳ ದಾಟಿ ದರೆ ಹತ್ತಬೇಕು, ಮಳೆಗಾಲದಲ್ಲಿ ಅದೂ ಆಗದು. ಬೆಂಗಳೂರಿನ ಮಗ ಜಿಯೋ ಹಾಕಿಸಿ ಅನ್ನುತ್ತಾನೆ, ಹುಬ್ಬಳ್ಳಿಯ ಅಳಿಯಂದಿರು ಏರ್‌ಟೆಲ್ ಅನ್ನುತ್ತಾರೆ. ನನ್ನದು ಬಹಳ ವರ್ಷದಿಂದ ಬಿಎಸ್‌ಎನ್‌ಎಲ್. ಬದಲಿಸಲೇ?
*ನಿವೃತ್ತ ಶಿಕ್ಷಕರು, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ*

ಮೇಷ್ಟ್ರೇ, ಮಗ ಹೇಳಿದ್ದು ಬೆಂಗಳೂರಿಗೆ ಸರಿ, ಅಳಿಯಂದಿರು ಹೇಳಿದ್ದು ಹುಬ್ಬಳ್ಳಿಗೆ ಸರಿ. ನಿಮ್ಮ ಮನೆಗೆ ಯಾವುದು ಸರಿ ಎಂದು ಅವರಿಬ್ಬರಿಗೂ ಅಲ್ಲಿ ಕೂತು ಗೊತ್ತಾಗುವುದಿಲ್ಲ. ಅದನ್ನು ಕಂಡುಕೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಮಲೆನಾಡಿನಿಂದ ಇಂಥ ಪತ್ರಗಳು ಬಹಳ ಬರುತ್ತವೆ.

ಮೊಬೈಲ್ ಸಿಗ್ನಲ್ ಬೇರೆ ಬೇರೆ ಆವರ್ತನಗಳಲ್ಲಿ ಬರುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಆವರ್ತನದ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ಮಟ್ಟಿಗೆ ದಾಟಿ ಒಳಬರುತ್ತದೆ. 2300 ಅಥವಾ 3500 ಮೆಗಾಹರ್ಟ್ಸ್‌ನ ಅಲೆ ಹೆಚ್ಚು ಡೇಟಾ ಹೊರುತ್ತದೆ, ಆದರೆ ಬೇಗ ಸೋಲುತ್ತದೆ. ಒದ್ದೆ ಎಲೆಗಳ ದಟ್ಟ ತೋಟ ಅದನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಜಿಯೋ ತನ್ನ 4ಜಿಗೆ 850ನ್ನೂ 5ಜಿಗೆ 700ನ್ನೂ ಬಳಸುತ್ತದೆ. ಏರ್‌ಟೆಲ್ ಬಳಿ 900 ಇದೆ. ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100ರಲ್ಲಿದೆ. ಹೀಗೆ ಮೂವರ ಬಳಿಯೂ ದೂರ ಹೋಗುವ ಅಲೆ ಉಂಟು. ಆದರೆ ಎಂಥ ಅಲೆಯೂ ಗುಡ್ಡವನ್ನು ತೂರಿಕೊಂಡು ಬರುವುದಿಲ್ಲ. ಟವರ್ ಗುಡ್ಡದ ನಿಮ್ಮ ಕಡೆ ಇದೆಯೋ ಆಚೆ ಕಡೆ ಇದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಅದಕ್ಕೆ ಎರಡು ದಾರಿಗಳಿವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮದಂತೆ ಎಲ್ಲ ಕಂಪನಿಗಳೂ ತಮ್ಮ ಜಾಲತಾಣದಲ್ಲಿ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆ ತೋರಿಸಬೇಕು. ಮಗನಿಗೆ ಹೇಳಿದರೆ ನಿಮ್ಮ ಊರಿನ ನಕ್ಷೆ ತೆಗೆದು ನೋಡಿಯಾನು. ಇನ್ನೊಂದು, ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣ. ಟವರುಗಳ ವಿಕಿರಣ ಮಿತಿಯೊಳಗಿದೆಯೇ ಎಂದು ಜನ ನೋಡಲೆಂದು ಮಾಡಿದ್ದಾದರೂ ಸುತ್ತಮುತ್ತ ಯಾವ ಕಂಪನಿಯ ಟವರ್ ಎಲ್ಲಿದೆ ಎಂಬುದು ಅಲ್ಲಿ ಸಿಗುತ್ತದೆ. ಕಂಪನಿಗಳ ನಕ್ಷೆಯನ್ನು ಪೂರ್ತಿ ನಂಬಬೇಡಿ. ಅದು ಬಹುಮಟ್ಟಿಗೆ ಬಯಲಿನಲ್ಲಿ ಸಿಗಬೇಕಾದ ಸಿಗ್ನಲಿನ ಲೆಕ್ಕ. ನಿಮ್ಮ ಮನೆಯ ಮಣ್ಣಿನ ಗೋಡೆ, ತಗ್ಗಿನ ಮಾಡು ಅದಕ್ಕೆ ಗೊತ್ತಿಲ್ಲ.

ನಂಬಬೇಕಾದದ್ದು ಪರೀಕ್ಷೆಯನ್ನು. ದುಡ್ಡು ಕೊಟ್ಟು ಹೊಸ ಸಿಮ್ ತರುವ ಮೊದಲು ನೆಂಟರೋ ಪಕ್ಕದ ಮನೆಯವರೋ ಬಳಸುವ ಬೇರೆ ಕಂಪನಿಯ ಸಿಮ್ಮನ್ನು ಅರ್ಧ ದಿನ ಕೇಳಿ ಪಡೆದು ನಿಮ್ಮದೇ ಫೋನಿಗೆ ಹಾಕಿ. ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ಎಣಿಸಬೇಡಿ, ಒಂದೊಂದು ಫೋನ್ ಒಂದೊಂದು ರೀತಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಒಳಗೆ ಹೋದರೆ ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಗುರುತಿನ ಒಂದು ಅಂಕಿ ಇರುತ್ತದೆ. ಮೈನಸ್ 85ರ ಆಸುಪಾಸು ಇದ್ದರೆ ಗಟ್ಟಿ ಸಿಗ್ನಲ್. ಮೈನಸ್ 100ರಲ್ಲಿ ಮಾತಿಗೆ ತೊಂದರೆ ಇಲ್ಲ, ವಿಡಿಯೊ ಕೆಲವೊಮ್ಮೆ ತಡವರಿಸುತ್ತದೆ. ಮೈನಸ್ 115 ದಾಟಿತೆಂದರೆ ಕರೆ ಕಡಿಯುತ್ತದೆ. ಜಗಲಿ, ನಡುಮನೆ, ಮಹಡಿ ಮೂರೂ ಕಡೆ ನೋಡಿ. ಒಂದೇ ಮನೆಯೊಳಗೆ ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದು ನಿಮಗೇ ಆಶ್ಚರ್ಯವಾದೀತು.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಊರಿನವರಲ್ಲಿ ಕೇಳಿ: ಕರೆಂಟ್ ಹೋದ ಮೇಲೆ ಈ ಟವರ್ ಎಷ್ಟು ಹೊತ್ತು ನಡೆಯುತ್ತದೆ? ಮಲೆನಾಡಿನಲ್ಲಿ ನೆಟ್‌ವರ್ಕ್ ಸಾಯುವುದು ಬಹಳ ಸಲ ತಂತ್ರಜ್ಞಾನದಿಂದಲ್ಲ, ಬ್ಯಾಟರಿ ಹಳತಾಗಿ, ಜನರೇಟರಿಗೆ ಡೀಸೆಲ್ ಇಲ್ಲದೆ. ಬಿಸಿಲಿನ ದಿನ ಒಳ್ಳೆಯ ಅಂಕಿ ತೋರಿದ ಟವರ್ ಜುಲೈ ತಿಂಗಳಲ್ಲಿ ಎರಡು ದಿನ ಮಲಗಿದರೆ ಆ ಅಂಕಿಯಿಂದ ಪ್ರಯೋಜನವಿಲ್ಲ. ಇದನ್ನು ಯಾವ ನಕ್ಷೆಯೂ ಹೇಳದು, ಹೇಳಬಲ್ಲವರು ನಿಮ್ಮ ಊರಿನವರು ಮಾತ್ರ.

ಬಿಎಸ್‌ಎನ್‌ಎಲ್ ಬಿಡಬೇಕೇ? ಈಗಲೇ ಬಿಡಬೇಡಿ. 2025ರ ಸೆಪ್ಟೆಂಬರ್ 27ರಂದು ಅದರ ಸ್ವದೇಶಿ 4ಜಿ ದೇಶದಾದ್ಯಂತ ವಿಧಿವತ್ತಾಗಿ ಆರಂಭವಾಯಿತು. ಟವರಿನ ರೇಡಿಯೊ ಉಪಕರಣ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ನಿಮ್ಮ ಸಿಮ್ ಹಳೆಯದಾದರೆ ಅದರಲ್ಲಿ 4ಜಿ ಬರುವುದಿಲ್ಲ, ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಂತಿರುತ್ತದೆ, ಪಿಂಚಣಿ ಅಥವಾ ಬ್ಯಾಂಕಿನ ಕೆಲಸವಿರುವ ದಿನ ಬೇಡ. ಫೋನ್ ಹಳೆಯದಾಗಿದ್ದರೆ ಅದು 700 ಮೆಗಾಹರ್ಟ್ಸ್ ಹಿಡಿಯುತ್ತದೆಯೇ ಎಂದು ಅಂಗಡಿಯವರಲ್ಲಿ ‘ಬ್ಯಾಂಡ್ 28 ಇದೆಯೇ’ ಎಂದು ಕೇಳಿ. ಅದಿಲ್ಲದ ಫೋನಿಗೆ ದೂರದ ಬಿಎಸ್‌ಎನ್‌ಎಲ್ 4ಜಿ ಟವರ್ ಇದ್ದೂ ಇಲ್ಲದಂತೆ.

ನೆಟ್‌ವರ್ಕೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದಲ್ಲದೆ 2025ರ ಜನವರಿಯಿಂದ, ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಎದ್ದ ಟವರುಗಳನ್ನು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರರ ಗ್ರಾಹಕರೂ ಹಂಚಿಕೊಂಡು ಬಳಸುವ ವ್ಯವಸ್ಥೆ ಶುರುವಾಗಿದೆ. ನಿಮ್ಮ ಹತ್ತಿರ ಅಂಥ ಟವರ್ ಇದ್ದರೆ ಇವುಗಳಲ್ಲಿ ಯಾವ ಸಿಮ್ ಆದರೂ ನಡೆದೀತು. ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆ ಆಟೊಮ್ಯಾಟಿಕ್ ಆಗಿರಲಿ, ರೋಮಿಂಗ್ ಆನ್ ಇರಲಿ.

ಇಷ್ಟೆಲ್ಲ ಮಾಡಿಯೂ ಮನೆಯೊಳಗೆ ಸಿಗ್ನಲ್ ಬರದಿದ್ದರೆ ಟವರಿನ ಆಸೆ ಬಿಟ್ಟು ಫೈಬರ್ ಹಾಕಿಸಿ. ನಿಮ್ಮ ಕಡೆ ಬಿಎಸ್‌ಎನ್‌ಎಲ್‌ನ ಫೈಬರ್ ಸಂಪರ್ಕ ಕೊಡುವವರು, ಕೇಬಲ್‌ನವರು ಹಲವು ಹಳ್ಳಿಗಳಿಗೆ ತಂತಿ ಎಳೆದಿದ್ದಾರೆ. ಮನೆಗೆ ವೈಫೈ ಬಂದರೆ ವಿಡಿಯೊ ಕರೆ ಹೇಗೂ ಆಯಿತು, ಮಾಮೂಲಿ ಕರೆಯೂ ವೈಫೈ ಮೂಲಕವೇ ಹೋಗುತ್ತದೆ. ಏರ್‌ಟೆಲ್ 2019ರ ಕೊನೆಯಲ್ಲಿ, ಜಿಯೋ 2020ರ ಮೊದಲಲ್ಲಿ ಈ ಸೌಲಭ್ಯ ತಂದವು. ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಸಾಕು, ಬೇರೆ ಆ್ಯಪ್ ಬೇಡ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು ತಂದಿಡಿ, ಕರೆಂಟ್ ಹೋದಾಗಲೂ ಕೆಲವು ತಾಸು ನಡೆಯುತ್ತದೆ. ದರೆ ಹತ್ತುವುದನ್ನು ದಯವಿಟ್ಟು ಈ ಮಳೆಗಾಲಕ್ಕೇ ನಿಲ್ಲಿಸಿ.

ಮಾರತಹಳ್ಳಿಯ ಪಿಜಿಯಲ್ಲಿದ್ದೇನೆ. ಫೋನಿನಲ್ಲಿ ಸದಾ 5ಜಿ ಎಂದೇ ತೋರಿಸುತ್ತದೆ. ಬೆಳಗ್ಗೆ ಸ್ಪೀಡ್ ಟೆಸ್ಟ್ ಮಾಡಿದರೆ ಮುನ್ನೂರು ದಾಟುತ್ತದೆ, ರಾತ್ರಿ ಒಂಬತ್ತಕ್ಕೆ ಆಫೀಸ್ ಮೀಟಿಂಗಿನಲ್ಲಿ ನನ್ನ ದನಿ ಮುರಿಯುತ್ತದೆ ಎನ್ನುತ್ತಾರೆ. ಕಂಪನಿ ಬದಲಿಸಿದರೆ ಸರಿಹೋಗುತ್ತದೆಯೇ?
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ಸರಿಹೋಗಬಹುದು, ಆದರೆ ಮುನ್ನೂರನ್ನು ಐನೂರು ಮಾಡಿಕೊಳ್ಳಲು ಹೋಗಬೇಡಿ, ನಿಮ್ಮ ತೊಂದರೆ ಅಲ್ಲಿಲ್ಲ. ಮೀಟಿಂಗಿಗೆ ಬೇಕಾದದ್ದು ಮೇಲಕ್ಕೂ ಕೆಳಕ್ಕೂ ಮೂರ್ನಾಲ್ಕು ಎಂಬಿಪಿಎಸ್ ಅಷ್ಟೆ. ಫುಲ್ ಎಚ್‌ಡಿ ವಿಡಿಯೊ ನೋಡಲು ಐದು ಸಾಕು. ಜಾಹೀರಾತುಗಳು ಕೂಗುವುದೆಲ್ಲ ಡೌನ್‌ಲೋಡ್ ವೇಗ. ನಿಮ್ಮ ದನಿ ಹೋಗುವುದು ಅಪ್‌ಲೋಡ್‌ನಲ್ಲಿ, ಅದು ಮುರಿಯದೆ ಹೋಗಬೇಕಾದರೆ ಪಿಂಗ್ ಕಡಿಮೆ ಇದ್ದು ಒಂದೇ ಮಟ್ಟದಲ್ಲಿ ನಿಲ್ಲಬೇಕು. ಮುಂದಿನ ಸಲ ಟೆಸ್ಟ್ ಮಾಡುವಾಗ ದೊಡ್ಡ ಅಂಕಿಯನ್ನು ಬಿಟ್ಟು ಆ ಎರಡನ್ನು ನೋಡಿ, ಅದೂ ರಾತ್ರಿ ಒಂಬತ್ತಕ್ಕೇ ನೋಡಿ. ಪಿಂಗ್ 50ರ ಒಳಗೆ ಇದ್ದರೆ ಚೆನ್ನ. ಒಮ್ಮೆ 40, ಮರುಕ್ಷಣ 300 ಎಂದು ಹಾರಾಡುತ್ತಿದ್ದರೆ ದನಿ ಮುರಿಯುವುದು ಅದರಿಂದಲೇ.

ರಾತ್ರಿ ಹೀಗಾಗುವುದೇಕೆ? ಟವರಿನ ಒಂದು ದಿಕ್ಕಿನ ಸಾಮರ್ಥ್ಯವನ್ನು ಆ ದಿಕ್ಕಿನಲ್ಲಿರುವ ಎಲ್ಲರೂ ಹಂಚಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಒಂದು ಓವರ್‌ಹೆಡ್ ಟ್ಯಾಂಕಿನಿಂದ ಇಡೀ ಬಡಾವಣೆಗೆ ಒಂದೇ ಹೊತ್ತಿಗೆ ನೀರು ಬಿಟ್ಟ ಹಾಗೆ. ನಿಮ್ಮದು ಪಿಜಿಗಳ ಬೀದಿ, ಒಂಬತ್ತಕ್ಕೆ ಎಲ್ಲರೂ ಕೋಣೆ ಸೇರಿ ಏನಾದರೊಂದು ನೋಡುತ್ತಿರುತ್ತಾರೆ. ಈಗ ಮನೆಮನೆಗೆ ಬರುತ್ತಿರುವ ಏರ್‌ಫೈಬರ್ ಪೆಟ್ಟಿಗೆಗಳೂ ಅದೇ 5ಜಿ ಟವರಿನಿಂದಲೇ ಡೇಟಾ ಎಳೆಯುತ್ತವೆ. ಜತೆಗೆ ನಗರದ ವೇಗದ 5ಜಿ ಬರುವುದು 3500 ಮೆಗಾಹರ್ಟ್ಸ್‌ನಲ್ಲಿ, ಕಾಂಕ್ರೀಟ್ ಗೋಡೆಯೆದುರು ಅದು ಬೇಗ ಸೋಲುತ್ತದೆ.

ಕಂಪನಿಗಳ ನಡುವೆ ಇಲ್ಲಿ ನಿಜವಾದ ವ್ಯತ್ಯಾಸ ಒಂದಿದೆ. 2022ರ ಅಕ್ಟೋಬರಿನಲ್ಲಿ 5ಜಿ ಶುರುವಾದಾಗ ಜಿಯೋ ಅದನ್ನು 4ಜಿಯ ಹಂಗಿಲ್ಲದೆ ಪ್ರತ್ಯೇಕವಾಗಿ ಕಟ್ಟಿತು, ಏರ್‌ಟೆಲ್ ತನ್ನ 4ಜಿಯ ಮೇಲೆ ಒರಗಿಸಿ ಕಟ್ಟಿತು. ಒರಗಿಸಿ ಕಟ್ಟಿದಲ್ಲಿ 4ಜಿ ದಣಿದರೆ 5ಜಿಯೂ ತಡವರಿಸಬಹುದು. ಹಾಗೆಂದು ನಿಮ್ಮ ಬೀದಿಯಲ್ಲಿ ಯಾವುದು ಗೆಲ್ಲುತ್ತದೆ ಎಂದು ಈ ವಿವರದಿಂದ ಹೇಳಲಾಗದು, ಜನಸಂದಣಿ ಇದನ್ನೆಲ್ಲ ಮೀರುತ್ತದೆ. ವಿ ಕೂಡ 2025ರಲ್ಲಿ ಬೆಂಗಳೂರಿನಲ್ಲಿ 5ಜಿ ತಂದಿದೆ. ಗ್ರಾಹಕರು ಕಡಿಮೆ ಇರುವ ಕಂಪನಿಯ ಟವರಿನಲ್ಲಿ ರಾತ್ರಿ ವೇಗ ಬೀಳದೆ ಇರುವುದೂ ಉಂಟು. ಪಕ್ಕದ ಕೋಣೆಗಳಲ್ಲಿ ಬೇರೆ ಬೇರೆ ಸಿಮ್ ಇರುವವರ ಫೋನಿನಲ್ಲಿ ಒಂದೇ ಹೊತ್ತಿಗೆ, ನಿಮ್ಮ ಮಂಚದ ಮೇಲೇ ಕೂತು ಪರೀಕ್ಷಿಸಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ ನೋಡಿ. ಮೀಟಿಂಗಿನ ಹೊತ್ತಿಗೆ ಫೋನನ್ನು 4ಜಿಗೆ ಇಳಿಸಿ. ದುರ್ಬಲ 5ಜಿಗೆ ಜೋತುಬಿದ್ದು ಅತ್ತಿತ್ತ ತೂಗಾಡುವ ಫೋನ್ ಗಟ್ಟಿ 4ಜಿಯಲ್ಲಿ ಎಷ್ಟೋ ಸಲ ನೆಟ್ಟಗೆ ನಿಲ್ಲುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ನಮ್ಮ ಮನ್ಯಾಗ ನಾಕು ಫೋನ್ ಅವರಿ. ನಮ್ಮವರದು ಕಿರಾಣಿ ಅಂಗಡಿ, ಮಗಳು ಕಾಲೇಜಿಗೆ ಹೋಗ್ತಾಳ, ನಮ್ಮ ಅತ್ತಿಯವರಿಗೆ ಬರೇ ಮಾತಾಡಾಕ ಫೋನ್ ಬೇಕು. ಎಲ್ಲರಿಗೂ ಕರೆನ್ಸಿ ಹಾಕಿಸಿ ಹಾಕಿಸಿ ಸಾಕಾಗ್ಯಾದ. ಕಡಿಮಿ ರೊಕ್ಕದಾಗ ಹ್ಯಾಂಗ ಮಾಡಬೇಕು?
*ಗೃಹಿಣಿ, ಕಲಬುರಗಿ*

ತಾಯಿ, ನಾಲ್ವರಿಗೂ ಒಂದೇ ಪ್ಯಾಕ್ ಹಾಕಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ನಾಲ್ವರ ಬಳಕೆ ನಾಲ್ಕು ಥರ.

ಅತ್ತೆಯವರಿಂದ ಶುರು ಮಾಡೋಣ. ಮಾತು ಮಾತ್ರ ಬೇಕಾದವರಿಗೆ ಡೇಟಾ ತಲೆಗೆ ಕಟ್ಟಬಾರದು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಕಂಪನಿಗಳು ಡೇಟಾ ಇಲ್ಲದ ಪ್ಯಾಕ್ ತಂದವು. ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ ಇಟ್ಟಿತು. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748 ಇಟ್ಟಿತು. ಅದೇ 299ರ ಪ್ಯಾಕನ್ನು 28 ದಿನಕ್ಕೊಮ್ಮೆ ಹಾಕಿಸಿದರೆ ವರ್ಷಕ್ಕೆ 13 ಸಲ, ಅಂದರೆ 3,887 ರೂಪಾಯಿ. ಅತ್ತೆಯವರ ಒಂದು ಫೋನಿನಲ್ಲೇ ಎರಡು ಸಾವಿರ ಉಳಿಯುತ್ತದೆ. ಈ ಪ್ಯಾಕುಗಳನ್ನು ಆ್ಯಪ್‌ಗಳು ಮುಂದಿನ ಸಾಲಿನಲ್ಲಿ ತೋರಿಸುವುದಿಲ್ಲ, ಕೆಳಗೆ ಎಲ್ಲೋ ಇರುತ್ತವೆ. ಅಂಗಡಿಯವರಿಗೆ ‘ವಾಯ್ಸ್ ಓನ್ಲಿ’ ಎಂದು ಬಿಡಿಸಿ ಕೇಳಿ. ಅತ್ತೆಯವರದು ಹಳೆಯ 2ಜಿ ಬಟನ್ ಫೋನ್ ಆಗಿದ್ದರೆ ಜಿಯೋ ಸಿಮ್ ಅದರಲ್ಲಿ ನಡೆಯದು, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ.

ತಿಂಗಳ ಪ್ಯಾಕ್ ಅಂದರೆ 28 ದಿನ ಎಂಬುದು ಅನೇಕರ ಲೆಕ್ಕ ತಪ್ಪಿಸುತ್ತದೆ. ಜನರ ದೂರು ಕೇಳಿ ಟ್ರಾಯ್ 2022ರಲ್ಲಿ, ಪ್ರತಿ ಕಂಪನಿಯೂ 30 ದಿನದ್ದು ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ಮುಗಿಯುವುದು ಕನಿಷ್ಠ ಒಂದೊಂದು ಇಡಲೇಬೇಕು ಎಂದಿತು. ಬೆಲೆ ಹೋಲಿಸುವಾಗ ಪ್ಯಾಕಿನ ಬೆಲೆ ನೋಡಬೇಡಿ, ದಿನದ ಬೆಲೆ ನೋಡಿ. 349 ರೂಪಾಯಿಯ 28 ದಿನದ ಪ್ಯಾಕ್ ದಿನಕ್ಕೆ ಹನ್ನೆರಡೂವರೆ ರೂಪಾಯಿ ಬೀಳುತ್ತದೆ. 3,599ರ ವರ್ಷದ ಪ್ಯಾಕ್ ದಿನಕ್ಕೆ ಹತ್ತಕ್ಕಿಂತ ಕಡಿಮೆ. ಮಗಳಿಗೆ 5ಜಿ ಫೋನ್ ಇದ್ದು ನಿಮ್ಮ ಓಣಿಯಲ್ಲಿ 5ಜಿ ಬರುವುದಾದರೆ ಅವಳಿಗೆ ವರ್ಷದ ಪ್ಯಾಕ್ ಲಾಭ. 2024ರ ಜುಲೈನಲ್ಲಿ ಬೆಲೆ ಏರಿದ ಮೇಲೆ ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕಿಗೆ ಮಾತ್ರ ಮಿತಿಯಿಲ್ಲದ 5ಜಿ ಕೊಡುತ್ತಿದ್ದಾರೆ. ಆದರೆ ವರ್ಷದ್ದು ಹಾಕಿಸುವ ಮೊದಲು ಆ ಸಿಮ್ ಮನೆಯಲ್ಲೂ ಕಾಲೇಜಿನಲ್ಲೂ ಚೆನ್ನಾಗಿ ನಡೆಯುತ್ತದೆ ಎಂದು ಒಂದು ತಿಂಗಳು ಬಳಸಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪೋರ್ಟ್ ಮಾಡಿಸಿದರೆ ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ.

ನಿಮ್ಮದು, ನಿಮ್ಮವರದು ಎಷ್ಟು ಡೇಟಾ ಹೋಗುತ್ತದೆ ಎಂದು ಫೋನಿನ ಸೆಟ್ಟಿಂಗಿನಲ್ಲಿ ಡೇಟಾ ಯೂಸೇಜ್ ನೋಡಿ. ದಿನಕ್ಕೆ 2 ಜಿಬಿ ಕೊಂಡು ಅರ್ಧ ಜಿಬಿ ಬಳಸಿದರೆ ಉಳಿದದ್ದು ನಡುರಾತ್ರಿಗೆ ಹೋಗಿಬಿಡುತ್ತದೆ. ಅಂಗಡಿಯಲ್ಲಿ ಕ್ಯೂಆರ್‌ಗೆ ದುಡ್ಡು ಬಂದದ್ದು ನೋಡಲು ಡೇಟಾ ಬಹಳ ಕಡಿಮೆ ಸಾಕು. ಆದರೆ ಅಂಗಡಿಯೊಳಗೆ ಸಿಗ್ನಲ್ ಗಟ್ಟಿ ಇರಬೇಕು. ಅಲ್ಲಿ ಅಗ್ಗಕ್ಕಿಂತ ಸಿಗ್ನಲ್ಲಿಗೇ ನನ್ನ ಮತ. ನಾನು ಹೇಳಿದ ಬೆಲೆಗಳು ಬದಲಾಗುತ್ತಿರುತ್ತವೆ, ಹಾಕಿಸುವ ದಿನ ಒಮ್ಮೆ ನೋಡಿಕೊಳ್ಳಿ.

ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಅದಕ್ಕೆ ಹಾಕಿದ್ದ ಸಿಮ್ ಬಂದ್ ಆಯಿತು. ಮಗ ಜಿಯೋ ಸಿಮ್ ತಂದು ಹಾಕಿದ, ಸ್ಟಾರ್ಟರ್ ಹಿಡಿಯಲೇ ಇಲ್ಲ. ಯಾವ ಸಿಮ್ ಹಾಕಬೇಕು?
*ರೈತರು, ಚಳ್ಳಕೆರೆ ತಾಲ್ಲೂಕು*

ನಿಮ್ಮ ಸ್ಟಾರ್ಟರ್ ಕೆಟ್ಟಿಲ್ಲ. ಹಳೆಯ ಮೊಬೈಲ್ ಸ್ಟಾರ್ಟರುಗಳೊಳಗೆ ಇರುವುದು 2ಜಿ ಮಾತ್ರ ಹಿಡಿಯುವ ಸಾಧನ. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್‌ಗಳಲ್ಲಿ 2ಜಿ ಇನ್ನೂ ಇದೆ. ಈ ಮೂರರಲ್ಲಿ ನಿಮ್ಮ ಹೊಲದಲ್ಲಿ ಯಾವುದು ಬರುತ್ತದೆ ಎಂದು ಒಂದು ಬಟನ್ ಫೋನಿಗೆ ಹಾಕಿ, ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲೇ ನಿಂತು ನೋಡಿ. ಊರೊಳಗೆ ನೋಡಿದರೆ ಉಪಯೋಗವಿಲ್ಲ. ಡಬ್ಬಿ ಕಬ್ಬಿಣದ್ದು, ಮುಚ್ಚಳ ಹಾಕಿದರೆ ಸಿಗ್ನಲ್ ಒಳಗೆ ಹೋಗದು. ಆಂಟೆನಾ ವೈರನ್ನು ಹೊರಗೆ ತಂದು ಮೇಲಕ್ಕೆ ಕಟ್ಟಿ.

ಈ ಸಿಮ್ಮಿಗೆ ವೇಗ ಬೇಡ, ಡೇಟಾ ಬೇಡ. ಒಳಬರುವ ಕರೆ ನಿಲ್ಲಬಾರದು, ಅಷ್ಟೆ. ಆದ್ದರಿಂದ ಕಡಿಮೆ ದುಡ್ಡಿಗೆ ಹೆಚ್ಚು ದಿನ ವ್ಯಾಲಿಡಿಟಿ ಕೊಡುವುದನ್ನು ಆರಿಸಿ. ಸಾಮಾನ್ಯವಾಗಿ ಇದರಲ್ಲಿ ಬಿಎಸ್‌ಎನ್‌ಎಲ್ ಅಗ್ಗ. ತಾರೀಕನ್ನು ಡಬ್ಬಿಯ ಒಳಗೋಡೆಯ ಮೇಲೇ ಬರೆದಿಡಿ. ಮಳೆಗಾಲದಲ್ಲಿ ಮೋಟರ್ ಹಾಕದೆ ಮೂರು ತಿಂಗಳು ಬಿಟ್ಟರೆ ಸಿಮ್ ಕಳೆದುಕೊಳ್ಳುವ ಭಯವಿದೆ: 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಕಂಪನಿ ನಂಬರನ್ನು ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಮತ್ತೆ 30 ದಿನ ಉಳಿಸಬೇಕು ಎಂಬುದು ಟ್ರಾಯ್ ನಿಯಮ. ನಂಬರ್ ಉಳಿದ ಮಾತ್ರಕ್ಕೆ ಕರೆ ಬರುತ್ತದೆ ಎಂದಲ್ಲ, ಅದಕ್ಕೆ ವ್ಯಾಲಿಡಿಟಿ ಬೇಕೇ ಬೇಕು.

ಇನ್ನೊಂದು ಮಾತು. ಸಿಮ್ ಯಾರ ಹೆಸರಲ್ಲಿದೆ? ಸ್ಟಾರ್ಟರ್ ಮಾರಿದವರು ತಮ್ಮದೇ ಹೆಸರಿನ ಸಿಮ್ ಹಾಕಿಕೊಟ್ಟಿದ್ದರೆ ಬಂದ್ ಆದ ಮೇಲೆ ಅದನ್ನು ಮತ್ತೆ ಪಡೆಯಲು ನಿಮಗೆ ದಾರಿಯಿಲ್ಲ. ಹೊಸದನ್ನು ನಿಮ್ಮ ಹೆಸರಲ್ಲೇ ತನ್ನಿ. ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ನಿಮ್ಮ ಹೆಸರಲ್ಲಿ ಎಷ್ಟಿವೆ ಎಂದು ಸಂಚಾರ್ ಸಾಥಿ ಜಾಲತಾಣದಲ್ಲಿ ಮಗ ನೋಡಿಕೊಡಲಿ. ಮುಂದೆ ಸ್ಟಾರ್ಟರ್ ಬದಲಿಸುವಾಗ 4ಜಿಯದ್ದನ್ನೇ ಕೇಳಿ. ರಾತ್ರಿ ಪಾಳಿಯಲ್ಲಿ ಥ್ರೀ ಫೇಸ್ ಬಂದಾಗ ಹಾವು ಹುಳದ ನಡುವೆ ಹೊಲಕ್ಕೆ ನಡೆಯುವುದನ್ನು ತಪ್ಪಿಸುವ ಸಿಮ್ ಇದು, ಮನೆಯ ಯಾವ ಫೋನಿಗಿಂತಲೂ ಇದಕ್ಕೆ ಮೊದಲು ಕರೆನ್ಸಿ ಹಾಕಿಸಿ.

ಕರ್ನಾಟಕದ ನಂಬರ್ ಇಟ್ಟುಕೊಂಡು ಮುಂಬೈಯಲ್ಲಿದ್ದೇನೆ. ಇಲ್ಲಿಯ ಸರ್ಕಲ್‌ಗೆ ಬದಲಿಸಿಕೊಂಡರೆ ವೇಗ ಹೆಚ್ಚುತ್ತದೆಯೇ?
*ಹೋಟೆಲ್ ಉದ್ಯೋಗಿ, ಮುಂಬೈ*

ಇಲ್ಲ. ನಿಮ್ಮ ಫೋನ್ ಅಲ್ಲಿಯ ಟವರನ್ನೇ ಬಳಸುತ್ತಿದೆ. ಈಗಿನ ಅನ್‌ಲಿಮಿಟೆಡ್ ಪ್ಯಾಕುಗಳಲ್ಲಿ ದೇಶದೊಳಗೆ ರೋಮಿಂಗಿಗೆ ಬೇರೆ ದುಡ್ಡೂ ಇಲ್ಲ. ಕೆಲಸದ ಜಾಗದಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಬರುತ್ತಿಲ್ಲವಾದರೆ ಮಾತ್ರ ಪೋರ್ಟ್ ಮಾಡಿಸಿ, ನಂಬರ್ ಬದಲಾಗದು. 2015ರ ಜುಲೈನಿಂದ ರಾಜ್ಯದಿಂದ ರಾಜ್ಯಕ್ಕೂ ನಂಬರ್ ಒಯ್ಯಬಹುದು.

ಪೋರ್ಟ್ ಮಾಡಿಸಬೇಕೆಂದಿದ್ದೇನೆ. ಬ್ಯಾಂಕ್, ಆಧಾರ್ ಎಲ್ಲ ಇದೇ ನಂಬರಿಗಿದೆ. ನಂಬರ್ ಹೋಗಿಬಿಟ್ಟರೆ ಎಂದು ಹೆದರಿಕೆ.
*ಟೈಲರಿಂಗ್ ಅಂಗಡಿ ನಡೆಸುವವರು, ಮಂಗಳೂರು*

ನಂಬರ್ ಹೋಗುವುದಿಲ್ಲ, ಕ್ರಮ ತಪ್ಪದಿದ್ದರೆ ಸಾಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಿಲ್ ಬಾಕಿ ಇರಬಾರದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಎಂಟು ಅಕ್ಷರಗಳ ಒಂದು ಕೋಡ್ ಬರುತ್ತದೆ, ಕರ್ನಾಟಕದಲ್ಲಿ ಅದರ ಆಯುಸ್ಸು ನಾಲ್ಕು ದಿನ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋಗಿ. ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಶುಲ್ಕ 6 ರೂಪಾಯಿ 46 ಪೈಸೆ, ಎಷ್ಟೋ ಸಲ ಅದನ್ನೂ ಕೇಳುವುದಿಲ್ಲ. ಯಾರಾದರೂ ನೂರಿನ್ನೂರು ಕೇಳಿದರೆ ಅದು ಪೋರ್ಟಿನ ಶುಲ್ಕವಲ್ಲ, ಏನಕ್ಕೆಂದು ಕೇಳಿ.

ಹಳೆಯ ಸಿಮ್ ಸತ್ತು ಹೊಸದು ಏಳುವ ನಡುವೆ ಕೆಲವು ತಾಸು ಫೋನ್ ಮೌನವಾಗಿರುತ್ತದೆ. ಮದುವೆ ಸೀಸನ್ನಿನಲ್ಲಿ ಗಿರಾಕಿಗಳ ಫೋನ್ ಬರುವ ವಾರ ಇದಕ್ಕೆ ಕೈ ಹಾಕಬೇಡಿ, ಬ್ಯಾಂಕಿನ ದೊಡ್ಡ ವ್ಯವಹಾರವನ್ನೂ ಮೊದಲೇ ಮುಗಿಸಿಕೊಳ್ಳಿ. ಹಳೆಯ ಸಿಮ್ಮಿನಲ್ಲಿ ಉಳಿದ ಬ್ಯಾಲೆನ್ಸ್ ಹೊಸದಕ್ಕೆ ಬರುವುದಿಲ್ಲ, ಪ್ಯಾಕ್ ಮುಗಿಯುವ ಹೊತ್ತಿಗೆ ಪೋರ್ಟ್ ಮಾಡಿಸಿದರೆ ನಷ್ಟವಿಲ್ಲ. ಇತ್ತೀಚೆಗೆ ಸಿಮ್ ಬದಲಿಸಿಕೊಂಡಿದ್ದರೆ ಏಳು ದಿನ ಕೋಡ್ ಸಿಗದು. ಕಳ್ಳರು ನಿಮ್ಮ ನಂಬರಿನ ನಕಲಿ ಸಿಮ್ ತೆಗೆದು ಕೂಡಲೇ ಬೇರೆ ಕಡೆ ಒಯ್ಯದಿರಲೆಂದು 2024ರ ಜುಲೈ 1ರಿಂದ ತಂದ ತಡೆ ಅದು. ಅದೇ ಕಾರಣಕ್ಕೆ ಆ ಎಂಟಕ್ಷರದ ಕೋಡನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ, ‘ಕಂಪನಿಯಿಂದ ಮಾತಾಡುತ್ತಿದ್ದೇವೆ’ ಎಂದರೂ ಸರಿಯೆ.

ಪೋರ್ಟ್ ಮಾಡಿಸುತ್ತೇನೆ ಎಂದ ಕೂಡಲೇ ಹಳೆಯ ಕಂಪನಿಯವರು ಕರೆ ಮಾಡಿ ರಿಯಾಯಿತಿ ಕೊಡುತ್ತೇವೆ ಎನ್ನಬಹುದು. ನಿಮ್ಮ ತೊಂದರೆ ಬೆಲೆಯದ್ದಾಗಿದ್ದರೆ ಕೇಳಿ ನೋಡಿ. ಸಿಗ್ನಲಿನದ್ದಾಗಿದ್ದರೆ ಯಾವ ರಿಯಾಯಿತಿಯಿಂದಲೂ ಟವರ್ ಹತ್ತಿರ ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಮೂರು ದಿನ ನೆಟ್‌ವರ್ಕ್ ಇರಲಿಲ್ಲ. ಹೋಂಸ್ಟೇಗೆ ಬಂದವರು ಬೈದುಕೊಂಡು ಹೋದರು. ನನ್ನ ಬಳಿ ಎರಡು ಕಂಪನಿಯ ಸಿಮ್ ಇವೆ, ಎರಡೂ ಒಟ್ಟಿಗೇ ಸತ್ತವು. ಪರಿಹಾರ ಕೇಳಬಹುದೇ?
*ಕಾಫಿ ಬೆಳೆಗಾರರು, ಮಡಿಕೇರಿ ತಾಲ್ಲೂಕು*

ಕೇಳಬಹುದು. ಮೇಷ್ಟ್ರಿಗೆ ಹೇಳಿದ ಟ್ರಾಯ್‌ನ 2024ರ ಸೇವಾ ಗುಣಮಟ್ಟದ ನಿಯಮದಂತೆ ಒಂದು ಜಿಲ್ಲೆಯಲ್ಲಿ 24 ಗಂಟೆ ಮೀರಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಆ ದಿನಗಳ ಬಾಡಿಗೆ ಬಿಡಬೇಕು, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನ ವ್ಯಾಲಿಡಿಟಿ ಕೊಡಬೇಕು. ಒಂದು ದಿನದಲ್ಲಿ 12 ಗಂಟೆ ಮೀರಿ ನಿಂತರೆ ಪೂರ್ತಿ ದಿನವೆಂದೇ ಲೆಕ್ಕ. ಪ್ರಕೃತಿ ವಿಕೋಪಕ್ಕೆ ಮಾತ್ರ ವಿನಾಯಿತಿ ಇದೆ, ಕೊಡಗಿನ ಮಳೆಗಾಲದಲ್ಲಿ ಕಂಪನಿಗಳು ಅದನ್ನೇ ಮುಂದೆ ಮಾಡುತ್ತವೆ. ಗುಡ್ಡ ಕುಸಿದದ್ದಕ್ಕೂ ಡೀಸೆಲ್ ತುಂಬಿಸದೆ ಬಿಟ್ಟದ್ದಕ್ಕೂ ವ್ಯತ್ಯಾಸವಿದೆ ಎಂದು ನಾವು ಬಿಡದೆ ಹೇಳಬೇಕು, ದೂರಿನಲ್ಲಿ ಬರೆಯಬೇಕು. 198ಕ್ಕೆ ಕರೆ ಮಾಡಿ ದೂರು ಕೊಟ್ಟು ಅವರು ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಉತ್ತರ ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಟ್ರಾಯ್ ನೇರವಾಗಿ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ.

ಎರಡು ಸಿಮ್ಮೂ ಒಟ್ಟಿಗೇ ಸತ್ತದ್ದಕ್ಕೆ ಕಾರಣ ಬಹುಶಃ ಎರಡೂ ಒಂದೇ ಕಂಬದ ಮೇಲಿರುವುದು. ಟವರಿನ ಕಬ್ಬಿಣ, ಬ್ಯಾಟರಿ, ಜನರೇಟರ್ ಎಲ್ಲ ಬೇರೊಂದು ಕಂಪನಿಯದಾಗಿದ್ದು ಹಲವು ನೆಟ್‌ವರ್ಕುಗಳು ಅದರ ಮೇಲೆ ಬಾಡಿಗೆಗಿರುತ್ತವೆ. ಏರ್‌ಟೆಲ್ ಮತ್ತು ವಿ ಎರಡೂ ಇಂಡಸ್ ಟವರ್ಸ್‌ನ ದೊಡ್ಡ ಬಾಡಿಗೆದಾರರು. ಒಂದು ಜನರೇಟರ್ ನಿಂತರೆ ಎರಡೂ ನಿಲ್ಲುತ್ತವೆ. ನಿಮ್ಮ ಸುತ್ತ ಯಾವ ಟವರಿನ ಮೇಲೆ ಯಾರಿದ್ದಾರೆ ಎಂದು ತರಂಗ್ ಸಂಚಾರ್‌ನಲ್ಲಿ ನೋಡಿ, ಎರಡನೆಯ ಸಿಮ್ಮನ್ನು ಬೇರೆ ಕಂಬದವರದ್ದಕ್ಕೆ ಬದಲಿಸಿ, ಅದು ದೂರದ್ದಾಗಿ ಸಿಗ್ನಲ್ ಸ್ವಲ್ಪ ತೆಳುವಾಗಿದ್ದರೂ ಪರವಾಗಿಲ್ಲ. ಹೋಂಸ್ಟೇಯಲ್ಲಿ ಕೋಣೆ ಕೋಣೆಗೂ ಒಂದು ಚೀಟಿ ಅಂಟಿಸಿ: ಯಾವ ಕಂಪನಿಯ ಸಿಗ್ನಲ್ ಎಲ್ಲಿ ನಿಂತರೆ ಸಿಗುತ್ತದೆ, ವೈಫೈ ಕಾಲಿಂಗ್ ಹೇಗೆ ಆನ್ ಮಾಡಬೇಕು, ತಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಯಾವುದಾದರೂ ಒಂದು ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ ಎಂಬುದೂ ಅದರಲ್ಲಿರಲಿ.